ಆನ್‌ಲೈನ್ ಮಾರುಕಟ್ಟೆಯಲ್ಲಿ ಸುಳ್ಳು ಸ್ಟಾರ್ ತಡೆಯುವುದು ಹೇಗೆ: ದಾವಣಗೆರೆ–ಚಿತ್ರದುರ್ಗದ ಸಣ್ಣ ವೇದಿಕೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮೊಳಕಾಲ್ಮೂರಿನ ನೇಕಾರರೊಬ್ಬರ ಪುಟದಲ್ಲಿ 12 ರೇಟಿಂಗ್ ಇವೆ ಎಂದುಕೊಳ್ಳಿ. ಒಟ್ಟು 57 ಸ್ಟಾರ್, ಸರಾಸರಿ 4.75. ಪೈಪೋಟಿಯವರು ಯಾರೋ ಆರು ಖಾತೆ ತೆರೆದು ಆರು ಸಲ ಒಂದೊಂದು ಸ್ಟಾರ್ ಒತ್ತುತ್ತಾರೆ. 63 ಸ್ಟಾರ್, 18 ಜನ, ಸರಾಸರಿ 3.5. ಒಂದು ರೇಷ್ಮೆ ಸೀರೆ ಮಗ್ಗದಿಂದ ಇಳಿಯಲು ದಿನಗಟ್ಟಲೆ ಬೇಕು, ಹೆಸರು ಕೆಡಲು ಅರ್ಧ ಗಂಟೆ ಸಾಕಾಯಿತು. ದೊಡ್ಡ ಕಂಪನಿಗಳಲ್ಲಿ ಸಾವಿರಾರು ರೇಟಿಂಗ್‌ಗಳ ನಡುವೆ ಆರು ಸುಳ್ಳು ಮುಳುಗಿ ಹೋಗುತ್ತವೆ. ಸ್ಥಳೀಯ ವೇದಿಕೆಯಲ್ಲಿ ಅದೇ ಆರು ಒಂದು ಮನೆಯ ವ್ಯಾಪಾರವನ್ನೇ ನಿಲ್ಲಿಸಬಲ್ಲವು.

ಚಳ್ಳಕೆರೆಯ ಶೇಂಗಾ ಎಣ್ಣೆ, ಕಂಬಳಿ, ದಾವಣಗೆರೆಯ ಮಂಡಕ್ಕಿ, ಮೊಳಕಾಲ್ಮೂರು ಸೀರೆ ಇಂಥವನ್ನು ಮಾರುವ ಆ್ಯಪ್ ಅಥವಾ ವೆಬ್‌ಸೈಟ್ ನಡೆಸುವವರಿಗಾಗಿ ಈ ಬರಹ. 50ರಿಂದ 500 ಮಾರಾಟಗಾರರು, ಒಬ್ಬಿಬ್ಬರು ಪ್ರೋಗ್ರಾಮರ್‌ಗಳು, ದೂರು ನೋಡಲು ಒಬ್ಬರು, ಇಷ್ಟಿದ್ದರೆ ಇಲ್ಲಿ ಹೇಳಿದ್ದನ್ನೆಲ್ಲ ಮಾಡಬಹುದು. ಒಂದು ಮಾತು ಮೊದಲೇ ಸ್ಪಷ್ಟವಿರಲಿ: ಪ್ರತಿ ಸುಳ್ಳನ್ನೂ ಹಿಡಿಯಲು ಆಗುವುದಿಲ್ಲ. ಒಂದು ಸುಳ್ಳು ಸ್ಟಾರ್‌ಗೆ ತಗಲುವ ಖರ್ಚು ಅದರಿಂದ ಬರುವ ಲಾಭವನ್ನು ಮೀರುವಂತೆ ಮಾಡಬಹುದು. ಕೆಳಗಿನ ಎಲ್ಲ ಹೆಜ್ಜೆಗಳ ಗುರಿ ಇದೊಂದೇ.

1. ಆರ್ಡರ್ ಇಲ್ಲದೆ ರೇಟಿಂಗ್ ಇಲ್ಲ

ಖಾತೆ ಇದ್ದವರೆಲ್ಲ ಸ್ಟಾರ್ ಕೊಡಬಹುದಾದರೆ ಮುಂದಿನ ಯಾವ ರಕ್ಷಣೆಯೂ ನಿಲ್ಲುವುದಿಲ್ಲ. ರೇಟಿಂಗ್ ಪುಟ ತೆರೆಯಲು ಮೂರು ಷರತ್ತು ಇಡಿ: ಹಣ ಬಂದಿರಬೇಕು, ಸಾಮಾನು ತಲುಪಿದ ದಾಖಲೆ ಇರಬೇಕು, ಆ ಆರ್ಡರ್ ರದ್ದಾಗಿರಬಾರದು. ಕ್ಯಾಶ್ ಆನ್ ಡೆಲಿವರಿಯಲ್ಲಿ ಪಾರ್ಸೆಲ್ ತೆಗೆದುಕೊಳ್ಳದೆ ವಾಪಸ್ ಕಳಿಸಿದವರು ಸಾಮಾನಿನ ಬಗ್ಗೆ ಏನೂ ಹೇಳುವಂತಿಲ್ಲ, ಡೆಲಿವರಿ ಬಗ್ಗೆ ಹೇಳಲಿ.

ರಿಟರ್ನ್ ಮಾಡಿದವರ ವಿಷಯ ಬೇರೆ. ಸಾಮಾನು ಕೆಟ್ಟಿದ್ದರಿಂದಲೇ ಅವರು ಹಿಂತಿರುಗಿಸಿರಬಹುದು, ಅವರ ಬಾಯಿ ಮುಚ್ಚಿಸಿದರೆ ಸತ್ಯವೇ ಹೊರಗುಳಿಯುತ್ತದೆ. ಒಂದು ಸ್ಟಾರ್ ಕೊಟ್ಟು ರಿಟರ್ನ್ ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಐದು ಸ್ಟಾರ್ ಕೊಟ್ಟು ಹಣ ವಾಪಸ್ ಪಡೆದಿದ್ದರೆ ಆ ಐದನ್ನು ಸರಾಸರಿಯಿಂದ ತೆಗೆಯಿರಿ. ಖರ್ಚಿಲ್ಲದೆ ಸುಳ್ಳು ಹೊಗಳಿಕೆ ಕಟ್ಟಿಕೊಳ್ಳುವ ಹಾದಿ ಅದೇ.

ರೇಟಿಂಗ್ ಕೇಳುವ ಸಮಯವೂ ಮುಖ್ಯ. ತಿಂಡಿಗೆ ತಲುಪಿದ 2–3 ದಿನಕ್ಕೆ, ಸೀರೆ ಮತ್ತು ಕಂಬಳಿಗೆ 7 ದಿನಕ್ಕೆ ಸಂದೇಶ ಕಳಿಸಿ, 60 ದಿನಕ್ಕೆ ಬಾಗಿಲು ಮುಚ್ಚಿ. ಡೆಲಿವರಿ ಒಟಿಪಿ ಹೊಡೆದ ಎರಡೇ ನಿಮಿಷದಲ್ಲಿ ಬಂದ ಐದು ಸ್ಟಾರ್ ಬಹಳ ಸಲ ಗಿರಾಕಿಯದ್ದಾಗಿರುವುದಿಲ್ಲ. ಪಾರ್ಸೆಲ್ ಬಿಚ್ಚಲೂ ಇಲ್ಲ, ಡೆಲಿವರಿ ಹುಡುಗ ಫೋನ್ ಈಸಿಕೊಂಡು ತಾನೇ ಒತ್ತಿರುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಅವನ ಸಂಬಳ ಅಥವಾ ಇನ್ಸೆಂಟಿವ್ ಐದು ಸ್ಟಾರ್‌ಗೆ ಅಂಟಿಕೊಂಡಿದೆಯೇ ನೋಡಿ, ಇದ್ದರೆ ಆ ಗಂಟನ್ನು ಬಿಚ್ಚಿ.

2. ಸಾಮಾನು ಬೇರೆ, ಸಾಗಾಟ ಬೇರೆ

ಪಾರ್ಸೆಲ್ ನಾಲ್ಕು ದಿನ ತಡವಾದರೆ ಅದು ನೇಕಾರರ ತಪ್ಪಲ್ಲ. ಆದರೆ ಇರುವುದು ಒಂದೇ ಸ್ಟಾರ್ ಸಾಲು ಆದರೆ ಸಿಟ್ಟೆಲ್ಲ ಅಲ್ಲೇ ಬೀಳುತ್ತದೆ. ಎರಡು ಪ್ರಶ್ನೆ ಕೇಳಿ: ಸಾಮಾನು ಹೇಗಿತ್ತು, ತಲುಪಿದ್ದು ಹೇಗೆ. ಮೂರಕ್ಕಿಂತ ಕಡಿಮೆ ಕೊಟ್ಟವರಿಗೆ ಕಾರಣ ಆರಿಸಲು ನಾಲ್ಕೈದು ಗುಂಡಿ ಇಡಿ: ಬಣ್ಣ ಬೇರೆ, ಅಳತೆ ಕಡಿಮೆ, ಹರಿದಿತ್ತು ಅಥವಾ ಸೋರಿತ್ತು, ಹೇಳಿದ ಸಾಮಾನಲ್ಲ, ತಡವಾಯಿತು. ರೇಷ್ಮೆಯ ಬಣ್ಣ ಮೊಬೈಲ್ ಪರದೆಯಲ್ಲಿ ಒಂದು ಥರ, ಬಿಸಿಲಲ್ಲಿ ಇನ್ನೊಂದು ಥರ ಕಾಣುವುದರಿಂದ 'ಬಣ್ಣ ಬೇರೆ' ಎಂಬ ದೂರು ಪ್ರಾಮಾಣಿಕರ ಮೇಲೂ ಬರುತ್ತದೆ. ಮುಂದೆ ತನಿಖೆ ಮಾಡುವಾಗ ಈ ಗುಂಡಿಗಳು ಉದ್ದ ಬರಹಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

3. ತಾವೇ ಮಾರಿ ತಾವೇ ಕೊಳ್ಳುವುದು

ಎಲ್ಲಕ್ಕಿಂತ ಸಾಮಾನ್ಯವಾದ ಮೋಸ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮಾರಾಟಗಾರ ತನ್ನ ಅಣ್ಣನ ಫೋನಿನಿಂದ ಆರ್ಡರ್ ಹಾಕುತ್ತಾನೆ, ಖಾಲಿ ಡಬ್ಬ ಕಳಿಸುತ್ತಾನೆ, ಐದು ಸ್ಟಾರ್ ಬೀಳುತ್ತದೆ. ಮೊದಲು ಇದರ ಖರ್ಚು ಲೆಕ್ಕ ಹಾಕಿ. 300 ರೂಪಾಯಿ ಸಾಮಾನು, ನಿಮ್ಮ ಕಮಿಷನ್ 8% ಎಂದರೆ 24, ಪೇಮೆಂಟ್ ಗೇಟ್‌ವೇಗೆ 2% ಎಂದರೆ 6, ಕೊರಿಯರ್‌ಗೆ 60. ಒಂದು ಸುಳ್ಳಿಗೆ 90 ರೂಪಾಯಿ. ಮಾರಾಟಗಾರ ತಾನೇ ಡೆಲಿವರಿ ಮಾಡುವ ವ್ಯವಸ್ಥೆ ಇದ್ದರೆ 60 ಉಳಿದು ಖರ್ಚು 30ಕ್ಕೆ ಇಳಿಯುತ್ತದೆ. 10 ರೂಪಾಯಿಯ 'ಸ್ಯಾಂಪಲ್' ಮಾರಲು ಬಿಟ್ಟಿದ್ದರೆ ಒಂದು ರೂಪಾಯಿಗೇ ಮುಗಿಯುತ್ತದೆ. ಅದಕ್ಕೇ ಕೂಪನ್ ಕಳೆದ ಮೇಲೆ 100 ರೂಪಾಯಿಗಿಂತ ಕಡಿಮೆ ಉಳಿಯುವ ಆರ್ಡರ್‌ಗಳ ರೇಟಿಂಗ್ ತೂಕವನ್ನು, ಅಂದರೆ ಸರಾಸರಿಯಲ್ಲಿ ಅದು ಎಷ್ಟು ಪಾಲು ಎಣಿಕೆಯಾಗುತ್ತದೆ ಎಂಬುದನ್ನು, ಕಾಲು ಭಾಗಕ್ಕೆ ಇಳಿಸಿ. ಸ್ವಯಂ ಡೆಲಿವರಿ ಆದಲ್ಲಿ ಗಿರಾಕಿಯ ಫೋನಿಗೆ ಹೋದ ಒಟಿಪಿ ಇಲ್ಲದೆ 'ತಲುಪಿದೆ' ಎಂದು ದಾಖಲಿಸಬೇಡಿ.

ಖಾಲಿ ಡಬ್ಬ ಹಿಡಿಯಲು ಅತ್ಯಂತ ಅಗ್ಗದ ಸಾಕ್ಷಿ ಕೊರಿಯರ್‌ನವರು ಬರೆದುಕೊಂಡ ತೂಕ. ಶೇಂಗಾ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ. 5 ಲೀಟರ್ ಕ್ಯಾನ್ ಎಂದರೆ ಎಣ್ಣೆಯೇ ನಾಲ್ಕೂವರೆ ಕೆಜಿ ದಾಟಬೇಕು. ಬಿಲ್ಲಿನಲ್ಲಿ 5 ಲೀಟರ್, ಕೊರಿಯರ್ ಚೀಟಿಯಲ್ಲಿ 200 ಗ್ರಾಂ ಇದ್ದರೆ ಬೇರೆ ತನಿಖೆ ಬೇಕಿಲ್ಲ. ಪ್ರತಿ ಸಾಮಾನಿಗೂ ನಿರೀಕ್ಷಿತ ತೂಕ ತುಂಬಿಸಿಡಿ, ಅದರ ಅರ್ಧಕ್ಕಿಂತ ಕಡಿಮೆ ಬಂದವನ್ನು ವಾರಕ್ಕೊಮ್ಮೆ ಪಟ್ಟಿ ಮಾಡಿ. ಮಂಡಕ್ಕಿಯಂಥ ಹಗುರ ಸಾಮಾನಿನಲ್ಲಿ ಮಾತ್ರ ಎಚ್ಚರ: ಕೊರಿಯರ್‌ನವರು ಗಾತ್ರದ ಲೆಕ್ಕದಲ್ಲಿ ತೂಕ ಬರೆಯುವುದುಂಟು, ಆಗ ಸಂಖ್ಯೆ ಹೆಚ್ಚೇ ಕಾಣುತ್ತದೆ. ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಎರಡನೆಯದು ಕೊಂಡಿ ಹುಡುಕುವುದು. ಕೊಂಡವರ ಮತ್ತು ಮಾರಿದವರ ನಡುವೆ ಇವುಗಳಲ್ಲಿ ಯಾವುದಾದರೂ ಒಂದೇ ಆಗಿದೆಯೇ ನೋಡಿ: ಫೋನ್ ಸಾಧನದ ಗುರುತು, ಹಣ ಬಂದ ಯುಪಿಐ ಐಡಿ, ರೀಫಂಡ್ ಹೋದ ಬ್ಯಾಂಕ್ ಖಾತೆ, ವಿಳಾಸ. ಒಂದೇ ಆಗಿದ್ದರೆ ರೇಟಿಂಗ್ ತೂಕ ಸೊನ್ನೆ. ವಿಳಾಸ ಹೋಲಿಸುವಾಗ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಕೆಲಸ ಕೆಡುತ್ತದೆ. ಒಬ್ಬರು 'ಪಿ.ಜೆ. ಬಡಾವಣೆ' ಎಂದು ಬರೆದರೆ ಇನ್ನೊಬ್ಬರು 'ಪಿಜೆ ಎಕ್ಸ್‌ಟೆನ್ಷನ್' ಎನ್ನುತ್ತಾರೆ, ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಎರಡು ಮೂರು ರೀತಿ ಬರೆಯುತ್ತಾರೆ. ಮನೆ ನಂಬರ್, ಕ್ರಾಸ್ ನಂಬರ್, ಪಿನ್‌ಕೋಡ್ ಈ ಮೂರನ್ನು ಬೇರೆ ಬೇರೆ ಚೌಕದಲ್ಲಿ ತುಂಬಿಸಿಕೊಂಡು ಅವನ್ನಷ್ಟೇ ಹೋಲಿಸಿ.

ಇಲ್ಲಿ ಬಹಳ ಜನ ಮಾಡುವ ತಪ್ಪು ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ನೋಡಿ ತೀರ್ಪು ಕೊಡುವುದು. ನಮ್ಮ ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಅನೇಕ ಗ್ರಾಹಕರಿಗೆ ಹಂಚುತ್ತವೆ. ದಾವಣಗೆರೆ ತುಂಬ ಕಾಲೇಜು, ಹಾಸ್ಟೆಲ್. ಒಂದು ಹಾಸ್ಟೆಲಿನ ವೈ-ಫೈನಿಂದ ನೂರಾರು ಹುಡುಗರು ಒಂದೇ ಐಪಿಯಲ್ಲಿ ಬರುತ್ತಾರೆ, ಪರೀಕ್ಷೆ ಸಮಯದಲ್ಲಿ ಒಂದೇ ಅಂಗಡಿಯ ಮಂಡಕ್ಕಿ ತರಿಸಿಕೊಂಡರೆ ಅದು ಸಂಚಲ್ಲ, ಹಸಿವು. ಹಾಗೆಯೇ ಹಳ್ಳಿಯ ಮನೆಯಲ್ಲಿ ಒಂದು ಫೋನಿನಿಂದ ಮೂವರು ಆರ್ಡರ್ ಹಾಕುತ್ತಾರೆ. ಕೊಂಡವರು ಕೊಂಡವರ ನಡುವೆ ಫೋನ್ ಒಂದೇ ಆಗಿದ್ದರೆ ಅದು ತಪ್ಪಲ್ಲ. ಕೊಂಡವರು ಮತ್ತು ಮಾರಿದವರ ಫೋನ್ ಒಂದೇ ಆದಾಗ ಮಾತ್ರ ಕೈ ಹಾಕಿ.

ಬೇರೆ ಊರಿನಲ್ಲಿರುವ ಸೋದರಮಾವ ಪ್ರೀತಿಯಿಂದ ಐದು ಸ್ಟಾರ್ ಕೊಟ್ಟರೆ ಹಿಡಿಯಲು ದಾರಿಯಿಲ್ಲ, ಹಿಡಿಯುವ ಅಗತ್ಯವೂ ಇಲ್ಲ. ಒಬ್ಬ ಗಿರಾಕಿಯ ಮಾತು ಒಬ್ಬ ಮಾರಾಟಗಾರನ ಸರಾಸರಿಯಲ್ಲಿ ಒಂದೇ ಸಲ ಎಣಿಕೆಯಾಗಲಿ, ಎಷ್ಟು ಆರ್ಡರ್ ಹಾಕಿದರೂ ಕೊನೆಯದ್ದಷ್ಟೇ ಲೆಕ್ಕ. ಮಾವ ಒಬ್ಬರೇ ಇಪ್ಪತ್ತು ಜನರಾಗುವುದು ಇದರಿಂದ ತಪ್ಪುತ್ತದೆ.

4. ಅಂಕ ಹಾಕುವ ಸೂತ್ರ

ಬರಿಯ ಸರಾಸರಿ ತೋರಿಸಬೇಡಿ. ಈ ಸೂತ್ರ ಸಾಕು:

ತೋರಿಸುವ ಅಂಕ = (10 × 4.1 + 'ಪ್ರತಿ ಸ್ಟಾರ್ × ಅದರ ತೂಕ' ಇವುಗಳ ಮೊತ್ತ) ÷ (10 + ತೂಕಗಳ ಮೊತ್ತ)

ಇಲ್ಲಿ 4.1 ಎಂದಿರುವಲ್ಲಿ ನಿಮ್ಮ ಇಡೀ ವೇದಿಕೆಯ ಸರಾಸರಿ ಹಾಕಿ. 10 ಎಂಬುದು ಪ್ರತಿ ಹೊಸಬರಿಗೂ ಹತ್ತು ಸಾಧಾರಣ ರೇಟಿಂಗ್ ಮೊದಲೇ ಇವೆ ಎಂದು ಭಾವಿಸುವ ಸಂಖ್ಯೆ. ಮೂರೇ ರೇಟಿಂಗ್, ಮೂರೂ ಐದು ಇರುವ ಹೊಸ ಅಂಗಡಿಗೆ 56 ÷ 13, ಅಂದರೆ 4.31. 200 ರೇಟಿಂಗ್‌ನಲ್ಲಿ 4.6 ಸರಾಸರಿ ಉಳಿಸಿಕೊಂಡ ಹಳೆಯ ಅಂಗಡಿಗೆ 961 ÷ 210, ಅಂದರೆ 4.58. ಹಳಬರು ಮೇಲಿರುತ್ತಾರೆ, ಅದು ನ್ಯಾಯ.

ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಇನ್ನೊಂದು ಹೊಸ ಅಂಗಡಿ 20 ಸುಳ್ಳು ಐದು ಸ್ಟಾರ್ ಮಾತ್ರ ಹಾಕಿಸಿಕೊಂಡರೆ 141 ÷ 30, ಅಂದರೆ 4.70, ಹಳಬರನ್ನು ದಾಟಿಬಿಡುತ್ತದೆ. ಈ ಸೂತ್ರ ಸುಳ್ಳನ್ನು ತಡೆಯುವುದಿಲ್ಲ, ಎಷ್ಟು ಸುಳ್ಳು ಬೇಕೆಂಬ ಸಂಖ್ಯೆಯನ್ನಷ್ಟೇ ಏರಿಸುತ್ತದೆ. ತಡೆಯುವುದು ತೂಕ. ಮೂರನೇ ಹೆಜ್ಜೆಯ ಕೊಂಡಿ ಸಿಕ್ಕರೆ ತೂಕ 0, ಕಡಿಮೆ ಬೆಲೆಯ ಆರ್ಡರ್‌ಗೆ 0.25, ಸಾಮಾನ್ಯ ಆರ್ಡರ್‌ಗೆ 1. ಅನುಮಾನದಲ್ಲಿ ತಡೆಹಿಡಿದದ್ದು ತೀರ್ಮಾನವಾಗುವವರೆಗೆ 0.

ಮೇಲೆ ಹೇಳಿದ ನೇಕಾರರಿಗೆ ಇದನ್ನು ಹಚ್ಚಿ ನೋಡಿ. ದಾಳಿಗೆ ಮುಂಚೆ 98 ÷ 22, ಅಂದರೆ 4.45. ಆರು ಒಂದು-ಸ್ಟಾರ್ ಎಣಿಸಿದರೆ 104 ÷ 28, ಅಂದರೆ 3.71. ಆರನ್ನೂ ತಡೆಹಿಡಿದರೆ 4.45 ಅಲ್ಲಾಡುವುದಿಲ್ಲ. ತನಿಖೆ ಮೂರು ದಿನ ಹಿಡಿದರೂ ಅವರ ಯುಗಾದಿ ವ್ಯಾಪಾರ ಉಳಿಯುತ್ತದೆ.

ಹಳೆಯ ರೇಟಿಂಗ್‌ಗಳ ತೂಕ ಕಾಲಕ್ರಮೇಣ ಇಳಿಯಬೇಕು, ಇಲ್ಲದಿದ್ದರೆ ಮೊದಲು ಒಳ್ಳೆಯ ಸಾಮಾನು ಕೊಟ್ಟು ಹೆಸರು ಮಾಡಿ ಆಮೇಲೆ ಕಲಬೆರಕೆಗೆ ಇಳಿಯುವವರಿಗೆ ಹಳೇ ಸ್ಟಾರ್ ಛತ್ರಿಯಾಗುತ್ತದೆ. 180 ದಿನಕ್ಕೆ ಅರ್ಧ, 360ಕ್ಕೆ ಕಾಲು, ಹೀಗೆ ಇಳಿಸುವುದು ಎಣ್ಣೆ, ತಿಂಡಿಗೆ ಸರಿ. ಕೈಮಗ್ಗದವರಿಗೆ ಇದೇ ನಿಯಮ ಹಾಕಿದರೆ ಅನ್ಯಾಯ. ವರ್ಷಕ್ಕೆ 15 ಸೀರೆ ಮಾರುವವರ ಹೆಸರು ಕೂಡಿಬರುವುದೇ ನಿಧಾನ. ಒಟ್ಟು 30 ರೇಟಿಂಗ್ ಆಗುವವರೆಗೆ ತೂಕ ಇಳಿಸಲೇಬೇಡಿ.

ಸ್ಟಾರ್ ಬದಲು 'ಇಷ್ಟವಾಯಿತು / ಇಲ್ಲ' ಎಂದು ಕೇಳುವವರಿಗೆ 1927ರಲ್ಲಿ ಸಂಖ್ಯಾಶಾಸ್ತ್ರಜ್ಞ ಎಡ್ವಿನ್ ವಿಲ್ಸನ್ ಕೊಟ್ಟ ಲೆಕ್ಕದ ಕೆಳಮಿತಿ (ನಿಜವಾದ ಮೆಚ್ಚುಗೆ ಕನಿಷ್ಠ ಎಷ್ಟಿರಬಹುದು ಎಂಬ ಅಂದಾಜು) ಬಳಸುವುದು ವಾಡಿಕೆ. 95% ಭರವಸೆಯ ಮಟ್ಟದಲ್ಲಿ ಹತ್ತಕ್ಕೆ ಹತ್ತು ಇಷ್ಟವಾಗಿದ್ದರೆ 72%, ನೂರಕ್ಕೆ 95 ಇಷ್ಟವಾಗಿದ್ದರೆ 89% ಬರುತ್ತದೆ. ಕಡಿಮೆ ಸಾಕ್ಷಿ ಇರುವವರು ತಾವಾಗೇ ಕೆಳಗುಳಿಯುತ್ತಾರೆ.

5 ರೇಟಿಂಗ್ ಆಗುವವರೆಗೆ ಸಂಖ್ಯೆಯ ಬದಲು 'ಹೊಸ ಅಂಗಡಿ' ಎಂದಷ್ಟೇ ತೋರಿಸಿ. ಆಮೇಲೆ ಅಂಕದ ಪಕ್ಕದಲ್ಲಿ ಎಷ್ಟು ಜನ, ಯಾವ ಸ್ಟಾರ್‌ಗೆ ಎಷ್ಟು ಎಂಬ ಪಟ್ಟಿ ಇರಲಿ.

5. ಏಕಾಏಕಿ ಏರಿಕೆ, ಇಳಿಕೆ

ಒಂದು ಅಂಗಡಿಗೆ ದಿನಕ್ಕೆ ಸರಾಸರಿ 2 ರೇಟಿಂಗ್ ಬರುತ್ತಿದ್ದರೆ, ಕಾಕತಾಳೀಯವಾಗಿ ಒಂದೇ ದಿನ 9 ಅಥವಾ ಹೆಚ್ಚು ಬರುವ ಸಂಭವ ಸುಮಾರು 4,000 ದಿನಕ್ಕೊಮ್ಮೆ. ಎಚ್ಚರಿಕೆಯ ಗಂಟೆ ಅಲ್ಲಿ ಬಾರಿಸಲಿ. ಆದರೆ ಇಂಥ 300 ಅಂಗಡಿ, 365 ದಿನ ಎಂದರೆ ಯಾರೂ ಮೋಸ ಮಾಡದಿದ್ದರೂ ವರ್ಷಕ್ಕೆ 26 ಸಲ ಆ ಗಂಟೆ ಬಾರಿಸುತ್ತದೆ. ಗಂಟೆ ಕೇಳಿದ್ದಕ್ಕೇ ಖಾತೆ ಮುಚ್ಚುವ ವೇದಿಕೆ ವರ್ಷಕ್ಕೆ 26 ನಿರಪರಾಧಿಗಳನ್ನು ಹೊರಹಾಕುತ್ತದೆ. ಗಂಟೆ ಬಾರಿಸಿದರೆ ಆ ದಿನದ ರೇಟಿಂಗ್‌ಗಳನ್ನು ತಡೆಹಿಡಿದು ಮನುಷ್ಯರು ನೋಡಬೇಕು, ಅಷ್ಟೇ.

ಇದಕ್ಕಿಂತ ಒಳ್ಳೆಯ ಅಳತೆ ತಲುಪಿದ ಆರ್ಡರ್‌ಗೆ ಎಷ್ಟು ರೇಟಿಂಗ್ ಎಂಬುದು. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ನಾಯಕನಹಟ್ಟಿ ಜಾತ್ರೆ ವರ್ಷಕ್ಕೊಮ್ಮೆ, ಮದುವೆ ಸೀಸನ್ ಬೇರೆ. ಆಗ ದಿನದ ಲೆಕ್ಕ ಏರಿಯೇ ಏರುತ್ತದೆ, ಆರ್ಡರ್‌ಗಳೂ ಅಷ್ಟೇ ಏರಿರುತ್ತವೆ. ನಿಮ್ಮಲ್ಲಿ 100 ಆರ್ಡರ್‌ಗೆ 8 ರೇಟಿಂಗ್ ಬರುವುದು ರೂಢಿಯಾಗಿದ್ದು ಒಂದು ಅಂಗಡಿಗೆ ಮಾತ್ರ 100ಕ್ಕೆ 60 ಬರುತ್ತಿದ್ದರೆ ಅಲ್ಲಿ ಏನೋ ಇದೆ. ಹೆಚ್ಚಿನ ಸಲ ಪಾರ್ಸೆಲ್ ಒಳಗೆ '5 ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, 50 ರೂಪಾಯಿ ಪಡೆಯಿರಿ' ಎಂಬ ಚೀಟಿ ಸಿಗುತ್ತದೆ. ತಿಂಗಳಿಗೆ ಇಂಥ ನಾಲ್ಕೈದು ಅಂಗಡಿಗಳಿಂದ ಹೆಸರು ಹೇಳದೆ ನೀವೇ ಒಂದೊಂದು ಆರ್ಡರ್ ತರಿಸಿ ಡಬ್ಬ ಬಿಚ್ಚಿ ನೋಡಿ. ಯಾವ ಸಾಫ್ಟ್‌ವೇರೂ ಕೊಡದ ಸಾಕ್ಷಿ ಅದು.

6. ಕನ್ನಡ ರಿವ್ಯೂ ಹೋಲಿಸುವಾಗ

ಒಂದೇ ಬರಹವನ್ನು ಹತ್ತು ಖಾತೆಯಲ್ಲಿ ಅಂಟಿಸುವವರಿದ್ದಾರೆ. ಹೋಲಿಸುವ ಮುನ್ನ ಪಠ್ಯವನ್ನು ಹದ ಮಾಡದಿದ್ದರೆ ಕನ್ನಡದಲ್ಲಿ ಎರಡು ಒಂದೇ ಸಾಲುಗಳೂ ಬೇರೆ ಎನಿಸಿಬಿಡುತ್ತವೆ. ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 'ೋ' ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, 'ೆ', 'ೂ', 'ೕ' ಎಂಬ ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಮೊದಲು ಎನ್‌ಎಫ್‌ಸಿ (ಇಂಥ ತುಂಡುಗಳನ್ನು ಕೂಡಿಸಿ ಒಂದೇ ಸಂಕೇತ ಮಾಡುವ ಯೂನಿಕೋಡ್ ಕ್ರಮ) ರೂಪಕ್ಕೆ ತನ್ನಿ, ಅಕ್ಷರಗಳ ನಡುವೆ ಕಾಣದಂತೆ ಕೂರುವ ಜೋಡಕ ಮತ್ತು ಬೇರ್ಪಡಕ ಚಿಹ್ನೆಗಳನ್ನು (ZWJ, ZWNJ) ತೆಗೆಯಿರಿ, ಕನ್ನಡ ಅಂಕಿಗಳನ್ನು 1, 2, 3ಕ್ಕೆ ಬದಲಿಸಿ. ಇದನ್ನೆಲ್ಲ ಹೋಲಿಕೆಯ ಪ್ರತಿಯಲ್ಲಿ ಮಾತ್ರ ಮಾಡಿ, ಗಿರಾಕಿ ಬರೆದ ಮೂಲವನ್ನು ಮುಟ್ಟಬೇಡಿ.

ಆಮೇಲೆ ಐದೈದು ಅಕ್ಷರಗಳ ತುಂಡು ಮಾಡಿ, ಎರಡು ರಿವ್ಯೂಗಳ ಒಟ್ಟು ತುಂಡುಗಳಲ್ಲಿ ಎಷ್ಟು ಪಾಲು ಎರಡರಲ್ಲೂ ಇವೆ ನೋಡಿ. ಶೇ. 60 ದಾಟಿದರೆ ಮನುಷ್ಯರ ಕಣ್ಣಿಗೆ ಕಳಿಸಿ. ಸಂಕೇತಗಳನ್ನು ಎಣಿಸದೆ ಒತ್ತಕ್ಷರ ಸಮೇತ ಪೂರ್ತಿ ಅಕ್ಷರವನ್ನು ಒಂದು ಎಂದು ಎಣಿಸಿ, 'ಸ್ತ್ರೀ' ಒಂದೇ ಅಕ್ಷರ. ಎಂಟು ಪದಕ್ಕಿಂತ ಚಿಕ್ಕವನ್ನು ಈ ಪರೀಕ್ಷೆಗೆ ಹಾಕಲೇಬೇಡಿ. 'ತುಂಬಾ ಚೆನ್ನಾಗಿದೆ', 'ಸೂಪರ್ ಸೀರೆ' ಎಂದು ಸಾವಿರ ಜನ ನಿಜವಾಗಿಯೇ ಬರೆಯುತ್ತಾರೆ. ಬರಹ ಎಐ ಬರೆದದ್ದೇ ಎಂದು ಹೇಳುವ ಉಪಕರಣಗಳನ್ನು ಕನ್ನಡದ ಸಣ್ಣ ರಿವ್ಯೂ ಮೇಲೆ ನಂಬಿ ಶಿಕ್ಷೆ ಕೊಡಬೇಡಿ. ಆರ್ಡರ್, ಹಣ, ತೂಕ ಈ ಮೂರರ ಸಾಕ್ಷಿ ಅದಕ್ಕಿಂತ ಗಟ್ಟಿ.

ಫೋಟೊ ಹಾಕಿದ್ದರೆ ಅದರೊಳಗೆ ಅಡಗಿರುವ ಜಿಪಿಎಸ್ ವಿವರ ಅಳಿಸಿಯೇ ಪ್ರಕಟಿಸಿ. ಗಿರಾಕಿಯ ಮನೆ ಎಲ್ಲಿದೆ ಎಂದು ಊರಿಗೆಲ್ಲ ಹೇಳಿದಂತಾಗುತ್ತದೆ.

7. ಪುಟ ಬದಲಿಸಿ ಸ್ಟಾರ್ ಕದಿಯುವುದು

ಮಂಡಕ್ಕಿ ಪುಟದಲ್ಲಿ 4.8 ಗಳಿಸಿ, ಅದೇ ಪುಟದ ಹೆಸರು, ಫೋಟೊ ಬದಲಿಸಿ ಬ್ಲೂಟೂತ್ ಸ್ಪೀಕರ್ ಮಾರುವುದು. ಪರಿಹಾರ ಸುಲಭ: ಸಾಮಾನಿನ ವರ್ಗ ಅಥವಾ ಬ್ರ್ಯಾಂಡ್ ಬದಲಾದರೆ ಹೊಸ ಪುಟ, ರೇಟಿಂಗ್ ಸೊನ್ನೆಯಿಂದ. ಎಣ್ಣೆಯ 1 ಲೀಟರ್, 5 ಲೀಟರ್ ಒಟ್ಟಿಗಿರಲಿ, ಶೇಂಗಾ ಎಣ್ಣೆ ಮತ್ತು ಕೊಬ್ಬರಿ ಎಣ್ಣೆ ಒಟ್ಟಿಗಿರಬಾರದು. ಹೆಸರು ಕೆಟ್ಟ ಮೇಲೆ ಹೊಸ ಅಂಗಡಿ ತೆರೆಯುವವರನ್ನು ಪ್ಯಾನ್ ಮತ್ತು ಬ್ಯಾಂಕ್ ಖಾತೆಯಿಂದ ಗುರುತಿಸಿ, ಹಳೆಯ ಅಂಕವನ್ನು ಹೊಸ ಅಂಗಡಿಗೆ ಕಟ್ಟಿ.

8. ಬೆದರಿಕೆಯ ಸ್ಟಾರ್

'500 ರೂಪಾಯಿ ವಾಪಸ್ ಹಾಕಿ, ಇಲ್ಲದಿದ್ದರೆ ಒಂದು ಸ್ಟಾರ್' ಎನ್ನುವ ಗಿರಾಕಿಗಳಿಂದ ಸಣ್ಣ ಮಾರಾಟಗಾರರು ಪಡುವ ಸಂಕಟ ದೊಡ್ಡದು. ಮಾತುಕತೆ ನಿಮ್ಮ ಆ್ಯಪ್‌ನ ಚಾಟ್‌ನಲ್ಲೇ ನಡೆಯುವಂತೆ ಮಾಡಿ, ಪ್ರತಿ ಸಂದೇಶದ ಪಕ್ಕದಲ್ಲಿ 'ಬೆದರಿಕೆ' ಎಂಬ ಗುಂಡಿ ಇಡಿ. ಒತ್ತಿದೊಡನೆ ಆ ಆರ್ಡರ್‌ನ ರೇಟಿಂಗ್ ತಡೆಹಿಡಿಯಲಿ. ಹೊರಗಿನ ವಾಟ್ಸಾಪ್ ಸ್ಕ್ರೀನ್‌ಶಾಟ್ ಒಂದನ್ನೇ ಸಾಕ್ಷಿ ಎಂದು ಒಪ್ಪಬೇಡಿ, ಅದನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಹೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಸುಲಿಗೆ, ಗಂಭೀರ ಪ್ರಕರಣದಲ್ಲಿ ಪೊಲೀಸರ ಬಳಿ ಹೋಗಲು ಮಾರಾಟಗಾರರಿಗೆ ಚಾಟ್ ದಾಖಲೆ ಕೊಡಿ.

ಮಾರಾಟಗಾರರೂ ಗಿರಾಕಿಗಳಿಗೆ ಅಂಕ ಕೊಡುವ ವ್ಯವಸ್ಥೆ ಇದ್ದರೆ ಇಬ್ಬರದ್ದನ್ನೂ ಮುಚ್ಚಿಟ್ಟು ಒಟ್ಟಿಗೆ ತೆರೆಯಿರಿ. ಇಬ್ಬರೂ ಬರೆದಾಗ ಅಥವಾ 14 ದಿನ ಕಳೆದಾಗ. 2014ರಲ್ಲಿ ತಂಗಲು ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಇದೇ ಕ್ರಮಕ್ಕೆ ಬಂತು, ಸೇಡಿನ ರೇಟಿಂಗ್ ತಪ್ಪಿಸಲು. ಆನ್‌ಲೈನ್ ಮಾರುಕಟ್ಟೆ ಇಬೇ 2008ರಲ್ಲಿ ಇನ್ನೂ ಮುಂದೆ ಹೋಗಿ ಮಾರಾಟಗಾರರು ಗಿರಾಕಿಗಳಿಗೆ ಕೆಟ್ಟ ಅಂಕ ಕೊಡುವುದನ್ನೇ ನಿಲ್ಲಿಸಿತು.

9. ತೆಗೆಯುವ ಅಧಿಕಾರ ಯಾರಿಗೆ

ವೇದಿಕೆಯೇ ಮಾಡುವ ಮೋಸವೂ ಇದೆ, ಅದನ್ನು ಹೇಳದಿದ್ದರೆ ಈ ಮಾರ್ಗದರ್ಶಿ ಅರ್ಧವಾಗುತ್ತದೆ. ಹೆಚ್ಚು ಕಮಿಷನ್ ತರುವ ಅಂಗಡಿ ಫೋನ್ ಮಾಡಿ 'ಆ ಎರಡು ಸ್ಟಾರ್ ತೆಗೀರಿ' ಎಂದಾಗ ಕೈ ಸಡಿಲವಾಗುತ್ತದೆ. ಆದ್ದರಿಂದ ಮಾರಾಟಗಾರರ ಖಾತೆ ನೋಡಿಕೊಳ್ಳುವವರಿಗೆ ರಿವ್ಯೂ ಅಳಿಸುವ ಅಧಿಕಾರವೇ ಇರಬಾರದು. ಒಂದು ರಿವ್ಯೂ ತೆಗೆಯಲು ಇಬ್ಬರ ಒಪ್ಪಿಗೆ ಬೇಕು, ಕಾರಣ ದಾಖಲಾಗಬೇಕು. ಒಪ್ಪಬಹುದಾದ ಕಾರಣಗಳು ನಾಲ್ಕೇ: ಬೈಗುಳ, ಯಾರದೋ ಖಾಸಗಿ ವಿವರ, ಸಾಮಾನಿಗೆ ಸಂಬಂಧವಿಲ್ಲದ ಮಾತು, ಸಾಬೀತಾದ ಮೋಸ. 'ಕೆಟ್ಟದಾಗಿ ಬರೆದಿದ್ದಾರೆ' ಎಂಬುದು ಕಾರಣವಲ್ಲ.

ಕಾನೂನು ಇಲ್ಲಿ ನಿಮ್ಮ ಬೆನ್ನಿಗಿದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರು ಗ್ರಾಹಕರ ವೇಷದಲ್ಲಿ ರಿವ್ಯೂ ಹಾಕುವಂತಿಲ್ಲ. ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಐಎಸ್ 19000:2022 ಎಂಬ ಮಾನಕ ತಂದಿತು. ಪಾಲನೆ ಐಚ್ಛಿಕವಾದರೂ ರಿವ್ಯೂ ಸಂಗ್ರಹ, ಪರಿಶೀಲನೆ, ಪ್ರಕಟಣೆ ಮೂರಕ್ಕೂ ಅದರಲ್ಲಿ ಕ್ರಮ ಹೇಳಿದೆ. ಮಾರಾಟಗಾರರ ಒಪ್ಪಂದದಲ್ಲಿ ಎರಡನ್ನೂ ಕನ್ನಡದಲ್ಲಿ ಬರೆದು ಸಹಿ ಹಾಕಿಸಿ. ನಿಮ್ಮಲ್ಲಿ ಬಗೆಹರಿಯದವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಎಂದು ಅದೇ ಪುಟದಲ್ಲಿ ತೋರಿಸಿ.

ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಬರಲಿ. ಮೊದಲ ಸಲ ಸುಳ್ಳು ರೇಟಿಂಗ್‌ಗಳ ತೂಕ ಸೊನ್ನೆ ಮಾಡಿ, ಸಾಕ್ಷಿ ಸಮೇತ ತಿಳಿಸಿ, 7 ದಿನದಲ್ಲಿ ಉತ್ತರ ಕೇಳಿ. ಎರಡನೇ ಸಲ 30 ದಿನ ಹುಡುಕಾಟದ ಮೊದಲ ಪುಟದಿಂದ ಹೊರಗೆ. ಮೂರನೇ ಸಲ ಅಂಗಡಿ ಮುಚ್ಚಿ. ಸಾಚಾ ರೇಟಿಂಗ್‌ಗಳನ್ನು ಮಾತ್ರ ಯಾವ ಹಂತದಲ್ಲೂ ಅಳಿಸಬೇಡಿ, ಅವು ಗಿರಾಕಿಗಳ ಮಾತು.

10. ಚಾಲೂ ಮಾಡುವ ಕ್ರಮ

ಎಲ್ಲವನ್ನೂ ಒಂದೇ ದಿನ ಹಚ್ಚಿದರೆ ಪ್ರಾಮಾಣಿಕರೇ ಮೊದಲು ಸಿಕ್ಕಿಬೀಳುತ್ತಾರೆ. ಮೊದಲ ಎರಡು ವಾರ ನಿಯಮಗಳು ಒಳಗೊಳಗೇ ಓಡಲಿ, ಹೊರಗೆ ಏನೂ ಬದಲಾಗದಿರಲಿ. ಮೂಲ ಸ್ಟಾರ್ ಒಂದು ಕಡೆ, ತೂಕ ಮತ್ತು ತೂಕದ ಕಾರಣ ಇನ್ನೊಂದು ಕಡೆ ದಾಖಲಾಗಲಿ, ಮೂಲವನ್ನು ಎಂದೂ ತಿದ್ದಬೇಡಿ. ನಿಯಮ ತಪ್ಪೆಂದು ಗೊತ್ತಾದ ದಿನ ತೂಕವನ್ನು ಮತ್ತೆ ಲೆಕ್ಕ ಹಾಕಬಹುದು. ಫೋನ್ ಗುರುತು, ಯುಪಿಐ ಐಡಿಗಳನ್ನು ನೇರವಾಗಿ ಇಡದೆ ಗುಪ್ತ ಕೀಲಿ ಸೇರಿಸಿ ಹ್ಯಾಶ್ ಮಾಡಿ (ಮೂಲಕ್ಕೆ ಮರಳಿಸಲಾಗದ ಸಂಕೇತವಾಗಿಸಿ) ಇಡಿ. ಹೋಲಿಸಲು ಅಷ್ಟು ಸಾಕು, ಡೇಟಾ ಸೋರಿದರೂ ಹಾನಿ ಕಡಿಮೆ.

ಎರಡು ವಾರದ ಕೊನೆಗೆ ನಿಯಮಕ್ಕೆ ಸಿಕ್ಕ ರೇಟಿಂಗ್‌ಗಳಲ್ಲಿ 40ನ್ನು ಚೀಟಿ ಎತ್ತಿದಂತೆ ಆರಿಸಿ, ಆರ್ಡರ್ ಕಡತ ತೆರೆದು, ಬೇಕಾದರೆ ಗಿರಾಕಿಗೆ ಫೋನ್ ಮಾಡಿ ಒಂದೊಂದನ್ನೇ ನೋಡಿ. 40ರಲ್ಲಿ 10 ಸಾಚಾ ಎಂದು ಕಂಡುಬಂದರೆ ನಿಯಮ ಬಿಗಿಯಾಗಿದೆ, ಯಾವ ಪರೀಕ್ಷೆ ಆ ಹತ್ತನ್ನು ಹಿಡಿಯಿತು ಹುಡುಕಿ ಅದನ್ನು ಸಡಿಲಿಸಿ. ಎರಡಕ್ಕಿಂತ ಹೆಚ್ಚು ತಪ್ಪದಿದ್ದರೆ ನಿಯಮಗಳನ್ನು ಜಾರಿಗೆ ತನ್ನಿ. ನಿಯಮಕ್ಕೆ ಸಿಗದವುಗಳಲ್ಲಿಯೂ 40 ಆರಿಸಿ ನೋಡಿ, ತಪ್ಪಿಸಿಕೊಂಡ ಸುಳ್ಳು ಎಷ್ಟೆಂದು ತಿಳಿಯಲು ಬೇರೆ ದಾರಿಯಿಲ್ಲ. ಈ 80ರ ಪರೀಕ್ಷೆ ಒಬ್ಬರಿಗೆ ಒಂದೆರಡು ದಿನದ ಕೆಲಸ. ಮೂರು ತಿಂಗಳಿಗೊಮ್ಮೆ, ಜಾತ್ರೆ ಮತ್ತು ಮದುವೆ ಸೀಸನ್ ಮುಗಿದ ವಾರದಲ್ಲಿ ಮತ್ತೆ ಮಾಡಿ, ಏಕೆಂದರೆ ಹೊಸ ಉಪಾಯಗಳು ಮೊದಲು ಕಾಣಿಸಿಕೊಳ್ಳುವುದು ವ್ಯಾಪಾರ ಜೋರಾದಾಗ.